ಬಾಡಿಗೆ ಬೇರೆ, ದಂಡ ಬೇರೆ

ರಜೆ ಬಂತೆಂದರೆ ನಾವು ಮನೆಮಂದಿಯೆಲ್ಲ ಘಟ್ಟ ಹತ್ತುತ್ತೇವೆ. ಶ್ರೀರಂಗಪಟ್ಟಣದ ಗುಂಬಜ್, ದರಿಯಾ ದೌಲತ್, ಪುರುಸೊತ್ತಿದ್ದರೆ ಪಾಂಡವಪುರದ ತೊಣ್ಣೂರು ಕೆರೆ, ಕೆ.ಆರ್. ಪೇಟೆಯ ಹೊಸಹೊಳಲು. ಬೆಂಗಳೂರಿಗಾದರೆ ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಚಹಾ. ಖಾಲಿ ಸೈಟು ಕಂಡರೆ ಸಾಕು, ಯಾರದ್ದೆಂದು ಕೇಳದೆ ಕಾರು ನುಗ್ಗಿಸುತ್ತೇವೆ. ವಾಪಸು ಬಂದಾಗ ಗಾಜಿನ ಮೇಲೊಂದು ಚೀಟಿ: ‘ದಂಡ 500 ರೂ.’ ಮಕ್ಕಳ ಎದುರು ಜಗಳ ಯಾಕೆಂದು ಕೊಟ್ಟುಬಿಡುತ್ತೇವೆ, ಇಲ್ಲವೇ ಕೂಗಾಡುತ್ತೇವೆ. ಎರಡೂ ಸರಿಯಲ್ಲ.

ಜಾಗದ ಮಾಲಕರು ಬಾಡಿಗೆ ಕೇಳಬಹುದು. ದರ ಬೋರ್ಡಿನಲ್ಲಿರಬೇಕು, ಇಲ್ಲವೇ ಮೊದಲೇ ಹೇಳಿರಬೇಕು. ಆದರೆ 1988ರ ಮೋಟಾರು ವಾಹನ ಕಾಯ್ದೆಯ ದಂಡ ಹಾಕುವ ಅಧಿಕಾರ ಸರಕಾರದ್ದು, ಖಾಸಗಿಯವರದ್ದಲ್ಲ. ಹಾಗಾಗಿ ಬೋರ್ಡು, ಚೀಟಿಯ ಫೋಟೋ ತೆಗೆಯೋಣ. ಹಣ ಕೊಟ್ಟರೆ ರಶೀದಿ ಕೇಳೋಣ. ಚಕ್ರಕ್ಕೆ ಬೀಗ ಹಾಕಿ ಬೆದರಿಸಿದರೆ 112ಕ್ಕೆ ಕರೆ ಮಾಡೋಣ. ಪಾರ್ಕಿಂಗ್ ಚೀಟಿಯನ್ನು ಬಿಸಾಡುವುದೂ ಬೇಡ. ‘ವಾಹನಕ್ಕೆ ಮಾಲಕರೇ ಹೊಣೆ’ ಎಂದು ಅಚ್ಚು ಹಾಕಿಸಿದ್ದರೂ, ಕೀ ಪಡೆದ ಹೋಟೆಲಿನವರು ತಮ್ಮ ನಿರ್ಲಕ್ಷ್ಯದಿಂದ ಕಾರು ಕಳವಾದರೆ ಜಾರಿಕೊಳ್ಳುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟು ಹೇಳಿ ನಮ್ಮ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಊರಲ್ಲಿ ಮದುವೆ ದಿನ ನಮ್ಮ ಗೇಟಿಗೆ ಯಾರೋ ಕಾರು ಅಡ್ಡ ಇಟ್ಟರೆ ನಾವು ಸುಮ್ಮನಿರ್ತೇವಾ? ಆ ಸೈಟಿನವರಿಗೂ ಮನೆಗೆ ಹೋಗುವ ದಾರಿ ಬೇಕು, ಗದ್ದೆಗೆ ಗಾಡಿ ಇಳಿಸಬೇಕು. ನಮ್ಮ ಕಾರಿನಿಂದ ನಷ್ಟವಾಗಿದ್ದರೆ ತುಂಬಿಕೊಡುವುದು ನಮ್ಮ ಬಾಧ್ಯತೆ. ದಂಡದ ಬೆದರಿಕೆಗೆ ಹೆದರಬೇಕಿಲ್ಲ. ಆದರೆ ಪರರ ಜಾಗಕ್ಕೆ ಕಾರು ಇಳಿಸುವ ಮೊದಲು, ‘ಅಣ್ಣಾ, ಇಲ್ಲಿ ನಿಲ್ಲಿಸ್ಬಹುದಾ?’ ಎಂದು ಒಂದು ಮಾತು ಕೇಳಿದರೆ ಚೀಟಿಯ ಪ್ರಸಂಗವೇ ಬಾರದು.