ಹಾಡು ಊರೂರು ಸುತ್ತಿತು, ಹೆಸರು ಎಲ್ಲಿ ಇಳಿಯಿತು?

ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರ್ರಿಗೂ ನಮ್ಮ ಕನ್ನಡಕ್ಕೂ ಏನಪ್ಪಾ ನೆಂಟಸ್ತಿಕೆ ಅಂತೀರಾ? ಇದೆ ಸ್ವಾಮಿ! ಇಬ್ಬರೂ ಒಂದೇ ರೆಕಾರ್ಡಿನಲ್ಲಿದ್ದಾರೆ.

1977ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪದ ಒಂದೊಂದು ತಾಮ್ರದ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ನಮಸ್ಕಾರ. ಕನ್ನಡಿಗರ ಪರವಾಗಿ ಒಂದು ಶುಭಾಶಯವೂ ಉಂಟು. ಸಂಗೀತದ ಭಾಗದಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿ, ಜೊತೆಗೆ ಬೆರ್ರಿಯ 1958ರ ‘ಜಾನಿ ಬಿ. ಗುಡ್’. ಎರಡು ನೌಕೆಗಳೂ ಸೂರ್ಯನ ವಲಯ ದಾಟಿ ಹೋಗಿವೆ. ಗೌರಿಬಿದನೂರಿನ ಹತ್ತಿರ ಆಕಾಶಕ್ಕೆ ಕಿವಿಗೊಟ್ಟು ಕೂತಿರುವ ರೇಡಿಯೋ ದೂರದರ್ಶಕಕ್ಕೂ ಆ ಹಾಡು ಕೇಳಿಸದು. ಸೂಜಿ ಇಟ್ಟು ತಿರುಗಿಸಿದರೆ ತಾನೇ ಹಾಡು!

ಬೆರ್ರಿ ಹುಟ್ಟಿದ್ದು 1926ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ತೀರಿಕೊಂಡಿದ್ದು 2017ರಲ್ಲಿ. ಗಿಟಾರ್ ಹಿಡಿದು ಬಾತುಕೋಳಿಯಂತೆ ಕುಕ್ಕರಿಸಿ ಕುಣಿಯುತ್ತಿದ್ದ ಆಸಾಮಿ. ‘ರೋಲ್ ಓವರ್ ಬೀಥೋವನ್’ (1956), ‘ಸ್ಕೂಲ್ ಡೇಸ್’ (1957), ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ (1958)... ಒಂದಾದ ಮೇಲೊಂದು ಹಿಟ್! ಶಾಲೆ, ಕಾರು, ಕುಣಿತ, ಹುಡುಗಿ... ಹದಿಹರೆಯದವರ ದಿನಚರಿಯೇ ಇವನ ಸಾಹಿತ್ಯ. ಬೀಟಲ್ಸ್ ಹುಡುಗರು ಇವನ ಹಾಡುಗಳನ್ನು ಹಾಡಿಯೇ ಕೈ ಪಳಗಿಸಿಕೊಂಡರು.

ಆದರೆ ಮೊದಲ ಹಿಟ್‌ನ ಕಥೆ ಕೇಳಿ. 1955ರ ‘ಮೇಬಲೀನ್’. ‘ಐಡಾ ರೆಡ್’ ಎಂಬ ಹಳೇ ಹಳ್ಳಿ ಹಾಡಿನ ಜಾಡು ಹಿಡಿದು, ಕಾರು ಓಡಿಸುವ ಪ್ರೇಮಿಯ ಕಥೆ ಕಟ್ಟಿ ಬೆರ್ರಿ ಮಾಡಿದ ಹಾಡದು. ರೆಕಾರ್ಡು ಹೊರಬಿತ್ತು, ಅಮೆರಿಕ ಕುಣಿಯಿತು. ಲೇಬಲ್ ನೋಡಿದರೆ ಹಾಡು ಕಟ್ಟಿದವರು ಮೂರು ಜನ! ಬೆರ್ರಿಯ ಪಕ್ಕದಲ್ಲಿ ಅಲನ್ ಫ್ರೀಡ್, ರಸ್ ಫ್ರಾಟೊ. ಫ್ರೀಡ್ ಯಾರು? ರೇಡಿಯೋದಲ್ಲಿ ರೆಕಾರ್ಡು ಹಾಕುವ ದೊಡ್ಡ ಮನುಷ್ಯ. ಹೆಸರು ಸೇರಿಸಿದರೆ ರಾಯಧನದಲ್ಲಿ ಪಾಲು, ಪಾಲು ಸಿಕ್ಕರೆ ರೇಡಿಯೋದಲ್ಲಿ ಹಾಡು! ಬೆರ್ರಿಗೆ ವಿಷಯ ಗೊತ್ತಾಗಿದ್ದು ಆಮೇಲೆ. ಹಾಡು ಪೂರ್ತಿ ಅವನ ಹೆಸರಿಗೆ ಮರಳಿದ್ದು 1986ರಲ್ಲಿ. ಮೂವತ್ತೊಂದು ವರ್ಷ!

ಕಥೆ ಇಲ್ಲಿಗೇ ಮುಗಿಯಲಿಲ್ಲ. 2000ರಲ್ಲಿ ಬೆರ್ರಿಯ ಹಳೇ ಪಿಯಾನೋ ಜೊತೆಗಾರ ಜಾನಿ ಜಾನ್ಸನ್ ಕೋರ್ಟಿಗೆ ಹೋದರು. ‘ಎಷ್ಟೋ ಹಾಡು ಇಬ್ಬರೂ ಕೂತು ಕಟ್ಟಿದ್ದು, ನನ್ನ ಹೆಸರೆಲ್ಲಿ?’ ಎಂಬ ದಾವೆ. ತುಂಬ ತಡವಾಯಿತೆಂದು 2002ರಲ್ಲಿ ಅದು ವಜಾ ಆಯಿತು. ಹೆಸರು ಕಳಕೊಂಡವನ ಮೇಲೇ ಹೆಸರು ನುಂಗಿದ ಆರೋಪ... ವಿಧಿಯಾಟ ನೋಡಿ!

ಈ ಫಜೀತಿಗೆ ನಮ್ಮ ಸೀಮೆಯ ಹಿರಿಯರು ಆಗಲೇ ಮದ್ದು ಕಂಡುಕೊಂಡಿದ್ದರು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಬಳೆ ಮಾರುತ್ತಿದ್ದವರು, ಕನ್ನಡ ತೆಲುಗು ಎರಡರಲ್ಲೂ ಪದ ಕಟ್ಟಿದವರು. ಅವರ ಅಂಕಿತ ‘ಅಮರನಾರೇಯಣ’. ಭಜನೆಯಲ್ಲಿ ಯಾರೇ ಹಾಡಲಿ, ಪದ ಮುಗಿಯಬೇಕಾದರೆ ಅಂಕಿತ ಬಾಯಿಗೆ ಬರಲೇಬೇಕು. ಲೇಬಲ್ ಬೇಡ, ಕೋರ್ಟ್ ಬೇಡ.

ಸಿನಿಮಾ ಹಾಡಿಗೆ ಆ ಭಾಗ್ಯ ಇಲ್ಲ. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು ಯಾರಿಗೆ ಗೊತ್ತಿಲ್ಲ? ಸಂಗೀತ ಯಾರದು ಅಂತ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಳ್ತಾರೆ. ಜಿ.ಕೆ. ವೆಂಕಟೇಶ್ ಸ್ವಾಮಿ, ಇಳಯರಾಜರಂಥವರೂ ಸಹಾಯಕರಾಗಿ ಕೆಲಸ ಕಲಿತ ಗುರು! ‘ಪರೋಪಕಾರಿ’ಯಲ್ಲಿ (1970) ಎಲ್.ಆರ್. ಈಶ್ವರಿ ಹಾಡಿದ ಕ್ಲಬ್ ಹಾಡಿಗೆ ಇವತ್ತಿಗೂ ಜನ ಕುಣೀತಾರೆ. ಆ ರಾಗ ಉಪೇಂದ್ರಕುಮಾರ್ ಅವರದು ಅಂತ ಮೈಕಿನಲ್ಲಿ ಹೇಳೋರು ಎಷ್ಟು ಜನ?

2012ರ ಕಾಪಿರೈಟ್ ತಿದ್ದುಪಡಿ ಒಳ್ಳೇ ಕೆಲಸ ಮಾಡಿತು. ಹಕ್ಕು ಬರೆದುಕೊಟ್ಟಿದ್ದರೂ ಸರಿ, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದರೆ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ರಾಯಧನದ ಪಾಲು ಉಂಟು ಎಂದಿತು. ಆದರೆ ಯಾರ ಹಾಡೆಂದು ಜನಕ್ಕೇ ಗೊತ್ತಿಲ್ಲದಿದ್ದರೆ ಪಾಲು ಕೇಳುವವರ ಬೆನ್ನಿಗೆ ನಿಲ್ಲೋರು ಯಾರು?

ಆದ್ದರಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಆರ್ಕೆಸ್ಟ್ರಾ ಬಂಧುಗಳೇ, ಒಂದು ಅರಿಕೆ. ಈ ಸಲ ಗಣೇಶನ ಪೆಂಡಾಲಿನ ರಸಮಂಜರಿಯಲ್ಲಿ ‘ಮುಂದಿನ ಗೀತೆ ಇಂಥ ಚಿತ್ರದ್ದು’ ಅಂದ ಮೇಲೆ ಎರಡು ಹೆಸರು ಸೇರಿಸಿ: ಬರೆದವರದು, ರಾಗ ಹಾಕಿದವರದು. ಹತ್ತು ಸೆಕೆಂಡಿನ ಕೆಲಸ. ನೀವು ಹೇಳಿದ ಆ ಹೆಸರೇ ಹಾಡಿಗೆ ಅಂಕಿತ!