35 ಕೀಗೆ 35 ಸಲ ನುಡಿಸಿ

ಮೆಲೋಟ್ರಾನ್ ಹೆಸರು ಕೇಳದವರೂ ಅದರ ದನಿ ಕೇಳಿರ್ತಾರೆ. ಬೀಟಲ್ಸ್‌ನ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಶುರುವಾಗೋದು ಅದರ ಫ್ಲೂಟ್‌ನಿಂದಲೇ. ಅದು 1967ರ ಹಾಡು. ವಾದ್ಯ ಅದಕ್ಕಿಂತ ನಾಲ್ಕು ವರ್ಷ ಹಿಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ತಯಾರಾಯ್ತು. ಐಡಿಯಾ ಮಾತ್ರ ಅಮೆರಿಕದ ಹ್ಯಾರಿ ಚೇಂಬರ್ಲಿನ್ ಅವರದು. ಅವರ ಯಂತ್ರ ಮಾರುತ್ತಿದ್ದವನೊಬ್ಬ ಅದನ್ನೇ ಹೊತ್ತುಕೊಂಡು ಇಂಗ್ಲೆಂಡಿಗೆ ಹೋದ, ಆಮೇಲೆ ಜಗಳ, ರಾಜಿ ಎಲ್ಲಾ ಆಯ್ತು. ಆ ಕಥೆ ಇನ್ನೊಮ್ಮೆ.

ಒಳಗೆ ಇರೋದು ಬಹಳ ಸರಳ. 1970ರಲ್ಲಿ ಬಂದ ಎಂ400 ಮಾಡೆಲ್ ತಗೊಳ್ಳಿ: 35 ಕೀ, ಒಂದೊಂದು ಕೀ ಕೆಳಗೂ ಒಂದೊಂದು ತುಂಡು ಟೇಪ್. ಕೀ ಒತ್ತಿದರೆ ಟೇಪು ಹೆಡ್‌ಗೆ ತಾಗುತ್ತೆ, ಅದೇ ಹೊತ್ತಿಗೆ ಒಂದು ರೋಲರ್ ಅದನ್ನ ಸದಾ ತಿರುಗ್ತಿರೋ ಉದ್ದನೆಯ ಸರಳಿಗೆ ಒತ್ತುತ್ತೆ, ಟೇಪು ಓಡುತ್ತೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗೀತು, ದನಿಯೂ ನಿಂತಿತು. ಕೈ ಎತ್ತಿದರೆ ಸ್ಪ್ರಿಂಗು ಟೇಪನ್ನ ವಾಪಸ್ ಎಳ್ಕೊಳ್ಳುತ್ತೆ. ಟೇಪುಗಳ ಚೌಕಟ್ಟನ್ನ ಪೂರ್ತಿ ಹೊರಗೆ ತೆಗೆದು ಬೇರೆಯದನ್ನ ಕೂರಿಸಬಹುದು. ಹಾಗಾಗಿ ಈ ವಾದ್ಯಕ್ಕೆ ಹೊಸ ದನಿ ಅನ್ನೋದು ಯಾವಾಗಲೂ ಸಾಧ್ಯ, ಇವತ್ತಿಗೂ ಹೊಸ ಟೇಪ್ ಮಾಡಿಕೊಡುವವರು ಇಂಗ್ಲೆಂಡಿನಲ್ಲಿ ಇದ್ದಾರೆ.

ನಮ್ಮ ತಕರಾರು ಇರೋದು ಹೊಸ ದನಿ ಹೇಗೆ ರೆಕಾರ್ಡ್ ಮಾಡಬೇಕು ಅನ್ನೋದರ ಬಗ್ಗೆ. ಎಂಜಿನಿಯರಿಂಗ್ ಓದೋರಿಗೆ ತಕ್ಷಣ ಹೊಳೆಯೋ ಉಪಾಯ ಒಂದೇ: ಒಂದು ಸ್ವರ ಚೆನ್ನಾಗಿ ರೆಕಾರ್ಡ್ ಮಾಡಿ, ಮಿಕ್ಕ 34 ಅನ್ನು ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿ ಮಾಡ್ಕೊಳ್ಳೋದು. ಒಂದು ಅಸೈನ್‌ಮೆಂಟನ್ನ 35 ಜನ ಕಾಪಿ ಹೊಡೆದ ಹಾಗೆ. ಇದು ಬೇಡ ಅಂತ ನಾವು ಹೇಳ್ತೀವಿ. ಹಳೇದರ ಮೇಲಿನ ಮೋಹದಿಂದ ಅಲ್ಲ, ಲೆಕ್ಕ ಹಾಕಿ.

ಒಬ್ಬರು ‘ಆ’ ಅಂತ ಎಂಟು ಸೆಕೆಂಡು ಹಾಡಿದರು ಅಂದ್ಕೊಳ್ಳಿ. ಅವರ ದನಿಯಲ್ಲಿ ಸೆಕೆಂಡಿಗೆ ಆರು ಸಲ ಅಲುಗೋ ವೈಬ್ರಾಟೊ ಇದೆ. ಅದನ್ನ ನಡುವಿನ ಕೀಗೆ, ಅಂದರೆ 18ನೆಯದಕ್ಕೆ ಹಾಕಿದ್ವಿ. ಮೇಲೆ 17 ಅರ್ಧಸ್ವರ, ಕೆಳಗೆ 17. ಒಂದು ಅರ್ಧಸ್ವರ ಏರಿಸೋಕೆ ವೇಗ ಸುಮಾರು ಶೇಕಡ 6 ಹೆಚ್ಚಬೇಕು, 17 ಏರಿಸೋಕೆ 2.67 ಪಟ್ಟು. ಆಗ ತುದಿಯ ಕೀಯಲ್ಲಿ ಎಂಟು ಸೆಕೆಂಡಿನ ಹಾಡು ಮೂರೇ ಸೆಕೆಂಡಿಗೆ ಮುಗಿಯುತ್ತೆ, ವೈಬ್ರಾಟೊ ಸೆಕೆಂಡಿಗೆ 16 ಸಲ ಆಗುತ್ತೆ. ಅದು ಹಾಡಲ್ಲ, ಚಳಿಗೆ ನಡುಗೋದು! ಕೆಳಗಿನ ತುದಿಯಲ್ಲಿ ಅದೇ ವೈಬ್ರಾಟೊ ಸೆಕೆಂಡಿಗೆ ಎರಡು ಚಿಲ್ಲರೆ, ದನಿ ತೂಕಡಿಸುತ್ತೆ. ಇನ್ನು ಗಂಟಲು ಮತ್ತು ಬಾಯಿಯ ಆಕಾರದಿಂದ ಬರೋ ಫಾರ್ಮಂಟ್‌ಗಳು. ಮನುಷ್ಯ ಮೇಲಿನ ಸ್ವರ ಹಾಡಿದಾಗ ಅವನ ತಲೆ ಚಿಕ್ಕದಾಗಲ್ಲ. ಟೇಪಿನ ವೇಗ ಹೆಚ್ಚಿಸಿದರೆ ಕಿವಿಗೆ ಹಾಗೇ ಕೇಳಿಸುತ್ತೆ, ಕಾರ್ಟೂನ್ ಅಳಿಲಿನ ಹಾಗೆ.

“ಈಗಿನ ಸಾಫ್ಟ್‌ವೇರು ಇದನ್ನೆಲ್ಲ ಸರಿ ಮಾಡುತ್ತಲ್ಲ?” ಮಾಡುತ್ತೆ, ಒಪ್ಪಿದ್ವಿ. ಕಾಲ ಬದಲಿಸದೆ, ಫಾರ್ಮಂಟ್ ಕದಲಿಸದೆ ಶ್ರುತಿ ಮಾತ್ರ ಬದಲಿಸಬಹುದು. ಆದರೂ ಒಂದು ತೊಂದರೆ ಉಳಿಯುತ್ತೆ. ಮೂರು ಕೀ ಒಟ್ಟಿಗೆ ಒತ್ತಿ ನೋಡಿ. ಮೂರರಲ್ಲೂ ಇರೋದು ಅದೇ ಉಸಿರು, ಅದೇ ಅಲುಗಾಟ, ಮೂರೂ ಒಂದೇ ಕ್ಷಣಕ್ಕೆ ಏರಿ ಒಂದೇ ಕ್ಷಣಕ್ಕೆ ಇಳಿಯುತ್ತೆ. ಹಾಗೆ ಜೊತೆಜೊತೆಗೆ ಅಲುಗೋದನ್ನ ನಮ್ಮ ಕಿವಿ ಒಂದೇ ವಸ್ತು ಅಂತ ಕೂಡಿಸಿಬಿಡುತ್ತೆ. ಮೂವರು ಹಾಡಿದ ಹಾಗೆ ಕೇಳಲ್ಲ. ಮೆಲೋಟ್ರಾನಿನ ಪಿಟೀಲು ಒಂದು ತಂಡದ ಹಾಗೆ ಕೇಳೋದು ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ನುಡಿಸಿದ್ದಕ್ಕೆ. ಒಂದು ಸ್ವರ ಕೊಂಚ ಒರಟು, ಪಕ್ಕದ್ದು ಕೊಂಚ ತಡ. ಆ ಏರುಪೇರನ್ನ ‘ಎರರ್’ ಅಂತ ತಿದ್ದಲು ಹೋದವರು ವಾದ್ಯವನ್ನೇ ಕಳ್ಕೋತಾರೆ.

ಎಂಟು ಸೆಕೆಂಡಿನ ಮಿತಿಯನ್ನೂ ಜನ ಹೀಗೇ ಬೈತಾರೆ. ಟೇಪಿನ ಎರಡೂ ತುದಿ ಅಂಟಿಸಿ ಲೂಪ್ ಮಾಡಿದ್ದರೆ ದನಿ ನಿಲ್ಲುತ್ತಲೇ ಇರಲಿಲ್ಲ ನಿಜ. ರಿಕ್ ವೇಕ್‌ಮನ್ ದುಡ್ಡು ಹಾಕಿದ ಬೈರೋಟ್ರಾನ್ ಅನ್ನೋ ವಾದ್ಯ ಹಾಗೇ ಇತ್ತು, ತಯಾರಾದದ್ದು ಬೆರಳೆಣಿಕೆಯಷ್ಟು. ಆದರೆ ತಿರುಗ್ತಿರೋ ಲೂಪಿಗೆ ಮೊದಲು ಅನ್ನೋದೇ ಇಲ್ಲ, ಕೀ ಒತ್ತಿದಾಗ ಎಲ್ಲಿ ಸಿಕ್ಕಿತೋ ಅಲ್ಲಿಂದ ಶುರು. ಕಮಾನು ತಂತಿಗೆ ತಾಗೋ ಸದ್ದು, ಫ್ಲೂಟಿಗೆ ಉಸಿರು ಬೀಳೋ ಸದ್ದು ಎಲ್ಲ ಹೋಯ್ತು. ಅದು ಯಾವ ವಾದ್ಯ ಅಂತ ಕಿವಿ ಗುರುತಿಸೋದು ಹೆಚ್ಚಾಗಿ ಆ ಮೊದಲ ಗಳಿಗೆಯಲ್ಲೇ. ಆ ಗಳಿಗೆಗೋಸ್ಕರ ಎಂಟು ಸೆಕೆಂಡಿಗೆ ಒಪ್ಪಿಕೊಂಡಿದ್ದು ನಮ್ಮ ಪ್ರಕಾರ ಒಳ್ಳೆಯ ಡಿಸೈನ್.

ಕನ್ನಡ ಸಂಘದಲ್ಲಿ ಇದನ್ನ ಓದೋರು ಖಂಡಿತ ಕೇಳ್ತಾರೆ: ಹಾಗಾದರೆ ವೀಣೆ ಹಾಕಬಹುದಾ? ಹಾಕಬಹುದು, ಆದರೆ ಸ್ವರಕ್ಕೊಂದು ಕೀ ಅಂತ ಹಾಕೋದು ಬೇಡ. ತೋಡಿಯ ಗಾಂಧಾರ ಒಂದು ಕಡೆ ನಿಂತಿರೋ ಸ್ವರವೇ ಅಲ್ಲ, ಯಾವ ಸ್ವರದಿಂದ ಬಂದು ಯಾವುದಕ್ಕೆ ಹೋಗ್ತಿದೆ ಅನ್ನೋದರ ಮೇಲೆ ಅದರ ಓಲಾಟ. ನೆಟ್ಟಗೆ ನಿಲ್ಲಿಸಿದ 35 ಸ್ವರ ರೆಕಾರ್ಡ್ ಮಾಡಿದರೆ ಸಿಗೋದು ವೀಣೆಯ ತಂತಿಯ ಸದ್ದು, ವೀಣೆ ಅಲ್ಲ. ಇದಕ್ಕೆ ದಾರಿ ಹಳೆಯ ಮೆಲೋಟ್ರಾನ್‌ನಲ್ಲೇ ಇದೆ. ಎಂ400ಗಿಂತ ಮುಂಚಿನ ಮಾರ್ಕ್ 2ರಲ್ಲಿ ಎರಡು ಕೀಬೋರ್ಡ್ ಇದ್ದವು. ಎಡಗಡೆಯದರಲ್ಲಿ ಬಿಡಿ ಸ್ವರದ ಬದಲು ತಾಳಗಳು, ನುಡಿಸಿಟ್ಟ ತುಣುಕುಗಳು. ಬೀಟಲ್ಸ್‌ನ ‘ಬಂಗಲೋ ಬಿಲ್’ ಹಾಡಿನ ಮೊದಲಿಗೆ ಬರೋ ಸ್ಪ್ಯಾನಿಷ್ ಗಿಟಾರ್ ಅಂಥದ್ದೊಂದು ಕೀ ಒತ್ತಿದ್ದು, ಅಷ್ಟೆ. ಒಂದು ರಾಗದ 35 ಸಂಚಾರ, ಒಂದೊಂದು ಎಂಟು ಸೆಕೆಂಡಿನೊಳಗೆ, ಒಂದೊಂದು ಕೀಗೆ. ಈ ಥರ ಆದರೆ ಗಮಕ ಉಳಿಯುತ್ತೆ. ಅದರಿಂದ ಯಾರೂ ಕಛೇರಿ ಮಾಡೋಕಾಗಲ್ಲ, ಮಾಡಬೇಕಾಗೂ ಇಲ್ಲ.

ಇಷ್ಟೆಲ್ಲ ಮಾಡೋಕೆ ನುಡಿಸೋರೊಬ್ಬರು ಬೇಕು ನೋಡಿ. 35 ಸ್ವರ, ತಲಾ 8 ಸೆಕೆಂಡು: ಒಟ್ಟು 280 ಸೆಕೆಂಡು, ಐದು ನಿಮಿಷವೂ ಇಲ್ಲ. ಅದಕ್ಕೆ ಶ್ರುತಿ ನೋಡ್ಕೊಂಡು, ತಪ್ಪಿದ್ದನ್ನ ಮತ್ತೆ ನುಡಿಸ್ಕೊಂಡು, ಒಂದೇ ಜೋರಲ್ಲಿ ಅಷ್ಟೂ ಸ್ವರ ಹಿಡಿದು ಕೂರೋರಿಗೆ ಇಡೀ ಮಧ್ಯಾಹ್ನ ಹೋಗುತ್ತೆ. ಆ ಮಧ್ಯಾಹ್ನ ಆಮೇಲೆ ದಶಕಗಟ್ಟಲೆ ಬೇರೆಯವರ ಹಾಡಿನಲ್ಲಿ ಕೇಳ್ತಿರುತ್ತೆ. ಬ್ರಿಟನ್ನಿನ ಸಂಗೀತಗಾರರ ಯೂನಿಯನ್ ಈ ವಾದ್ಯ ಬಂದಾಗ ಹೆದರಿದ್ದು ಇದಕ್ಕೇ: ಒಂದು ಸಲ ನುಡಿಸಿ ಕೊಟ್ಟರೆ ಮತ್ತೆ ಕರೆಯೋರು ಯಾರು? ಆ ಭಯಕ್ಕೆ ನಗೋ ಹಾಗಿಲ್ಲ. ಈಗ ನಮ್ಮ ಲ್ಯಾಪ್‌ಟಾಪಿನಲ್ಲಿರೋ ‘ಮೆಲೋಟ್ರಾನ್ ಫ್ಲೂಟ್’ ಒತ್ತಿದರೂ ಯಾರೋ ಒಬ್ಬರು ಊದಿದ್ದೇ ಕೇಳಿಸೋದು, ಫೆಸ್ಟ್ ವೀಡಿಯೊದ ಕೊನೆಯಲ್ಲಿ ಮಾತ್ರ ಪ್ಲಗ್‌ಇನ್ ಹೆಸರು ಬರುತ್ತೆ.

ಹಾಗಾಗಿ ಹೊಸ ದನಿ ಹಿಡಿಯೋರಿಗೆ, ಅದು ಟೇಪಿಗಾಗಲಿ ಸ್ಯಾಂಪ್ಲರಿಗಾಗಲಿ, ನಾವು ಕೇಳೋದು ಇಷ್ಟು. ನುಡಿಸೋರಿಗೆ ಮಧ್ಯಾಹ್ನದ ಸಂಬಳ ಕೊಡಿ, ದನಿಯನ್ನ ಮುಂದೆ ಎಲ್ಲೆಲ್ಲಿ ಬಳಸ್ತೀರಿ ಅಂತ ಮೊದಲೇ ಹೇಳಿ. ಸ್ವರಗಳ ಫೋಲ್ಡರಿನಲ್ಲೇ ಒಂದು ಟೆಕ್ಸ್ಟ್ ಫೈಲ್ ಇಡಿ, ಟೇಪಾದರೆ ಚೌಕಟ್ಟಿನ ಮೇಲೆ ಚೀಟಿ ಅಂಟಿಸಿ: ನುಡಿಸಿದವರ ಹೆಸರು, ವಾದ್ಯ, ಊರು, ದಿನಾಂಕ.