ಕದ್ದ ಪ್ರಬಂಧಕ್ಕೆ ಬಾಯಿಲ್ಲ

ಕೃತಿಚೌರ್ಯ ಎಂಬುದು ಪಿಎಚ್‌.ಡಿ ಮಾಡುವವರ ತಲೆನೋವು, ಪದವಿ ವಿದ್ಯಾರ್ಥಿಗಳಾದ ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿದ್ದಾರೆ. ನಿಯಮವೂ ಹೆಚ್ಚುಕಡಿಮೆ ಹಾಗೆಯೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮಾವಳಿ ರೂಪಿಸಿತು. ಅದರ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಅದಕ್ಕಿಂತ ಹೆಚ್ಚಿದ್ದು ಶೇ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60ರಷ್ಟಿದ್ದರೆ ತಿದ್ದಿದ ಪ್ರಬಂಧವನ್ನೂ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು.

ಆದರೆ ಅದೇ ನಿಯಮಾವಳಿಯ ವ್ಯಾಖ್ಯೆಗಳ ಭಾಗವನ್ನು ಓದಿದಾಗ ನನಗೆ ಅಚ್ಚರಿಯಾಯಿತು. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರ ಪತ್ರಿಕೆ ಇವನ್ನೆಲ್ಲ ಅದರ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಅಂದರೆ, ಪದವಿ ವಿದ್ಯಾರ್ಥಿಯೊಬ್ಬ ಮೂರು ವರ್ಷ ಬರೆಯುವ ಬಹುಪಾಲು ಬರವಣಿಗೆಗೆ ಆ ನಿಯಮದ ಕಾವಲಿಲ್ಲ. ಅದು ಪ್ರಾಧ್ಯಾಪಕರ ಕಣ್ಣಿಗೆ ಮತ್ತು ವಿದ್ಯಾರ್ಥಿಯ ಮನಸ್ಸಿಗೆ ಬಿಟ್ಟ ವಿಷಯ.

ಈ ಖಾಲಿ ಜಾಗದಲ್ಲಿ ನಕಲಿನ ದಾರಿಗಳು ಬದಲಾಗುತ್ತಾ ಬಂದಿವೆ. ಮೊದಲು ಸೀನಿಯರ್‌ಗಳ ಹಳೇ ಅಸೈನ್‌ಮೆಂಟ್, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ. ನಂತರ ಗೂಗಲ್. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಕಲು ಮಾಡಲು ಮೂಲ ಬರಹವೂ ಬೇಕಿಲ್ಲ. ಇದನ್ನು ತಂತ್ರಾಂಶದಿಂದಲೇ ಹಿಡಿಯಬಹುದು ಎಂಬ ನಂಬಿಕೆಯೂ ಗಟ್ಟಿಯಲ್ಲ. ಯಂತ್ರ ಬರೆದದ್ದನ್ನು ಗುರುತಿಸಲೆಂದು ಓಪನ್‌ಎಐ ಸಂಸ್ಥೆ ತಾನೇ 2023ರ ಜನವರಿಯಲ್ಲಿ ಒಂದು ಸಾಧನ ಬಿಡುಗಡೆ ಮಾಡಿ, ಅದರ ನಿಖರತೆ ಕಡಿಮೆ ಎಂದು ಜುಲೈನಲ್ಲಿ ಹಿಂತೆಗೆದುಕೊಂಡಿತು. ಸಿಕ್ಕಿಬೀಳುವ ಭಯದ ಮೇಲೆ ಪ್ರಾಮಾಣಿಕತೆಯನ್ನು ಕಟ್ಟಲು ಹೋದರೆ ಅದು ನಿಲ್ಲುವುದಿಲ್ಲ.

ಹಾಗಾದರೆ ಯಾರೂ ಹಿಡಿಯದಿದ್ದಾಗ ಸ್ವಂತವಾಗಿ ಏಕೆ ಬರೆಯಬೇಕು? ನೀತಿಯ ಮಾತು ಒಂದು ಕಡೆ ಇರಲಿ, ಉದ್ಯೋಗದ ಲೆಕ್ಕವನ್ನೇ ನೋಡೋಣ. ಯುಪಿಎಸ್‌ಸಿ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಪತ್ರಿಕೆಗೆ 250 ಅಂಕ. ಇದು ಸಾಮಾನ್ಯ ಅಧ್ಯಯನದ ಒಂದು ಇಡೀ ಪತ್ರಿಕೆಗೆ ಸಮ. ಮೂರು ಗಂಟೆಯಲ್ಲಿ ಎರಡು ಪ್ರಬಂಧ, ಕನ್ನಡದಲ್ಲೂ ಬರೆಯಬಹುದು. ಸಂದರ್ಶನಕ್ಕೆ 275 ಅಂಕ. ಒಟ್ಟು 2,025 ಅಂಕಗಳಲ್ಲಿ 525 ಅಂಕ ನಾವೇ ಯೋಚಿಸಿ ಬರೆಯುವುದಕ್ಕೆ ಮತ್ತು ನಾವೇ ನಿಂತು ಮಾತನಾಡುವುದಕ್ಕೆ. ನಮ್ಮ ರಾಜ್ಯದ ಪಿಎಸ್‌ಐ ನೇಮಕಾತಿಯ ಮೊದಲ ಪತ್ರಿಕೆಯಲ್ಲೂ ಪ್ರಬಂಧವಿದೆ. ಅಲ್ಲಿ ಜೆರಾಕ್ಸ್ ಅಂಗಡಿಯೂ ಇಲ್ಲ, ಮೊಬೈಲೂ ಇಲ್ಲ. ಮೂರು ವರ್ಷ ಒಂದು ಪುಟವನ್ನೂ ಸ್ವಂತವಾಗಿ ಬರೆಯದವರಿಗೆ ಆ ಮೂರು ಗಂಟೆ ಎಷ್ಟು ಉದ್ದ ಎಂಬುದನ್ನು ಪರೀಕ್ಷೆ ಬರೆದು ಹೊರಬರುವವರ ಮುಖಗಳೇ ಹೇಳುತ್ತವೆ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?

ಪಿಎಸ್‌ಐ ಎಂದಾಗ ಇನ್ನೊಂದು ಕಹಿಯೂ ನೆನಪಾಗುತ್ತದೆ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಮೋಸ ಮಾಡಿದ್ದು ಕೆಲವರು, ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದದ್ದು ಸಾವಿರಾರು ಪ್ರಾಮಾಣಿಕ ಅಭ್ಯರ್ಥಿಗಳು. ಓಎಂಆರ್ ಹಾಳೆ ತಿದ್ದುವುದಕ್ಕೂ ಅಸೈನ್‌ಮೆಂಟ್ ನಕಲಿಗೂ ಹೋಲಿಕೆಯೇ ಎಂದು ಕೇಳಬಹುದು. ಅಪರಾಧದ ಗಾತ್ರ ಬೇರೆ, ಒಪ್ಪುತ್ತೇನೆ. ಆದರೆ ಬೇರೆಯವರ ಉತ್ತರವನ್ನು ನನ್ನದೆಂದು ತೋರಿಸಬಹುದು ಎಂಬ ಅಭ್ಯಾಸ ಎರಡರಲ್ಲೂ ಒಂದೇ.

ಭಾಷಣಕ್ಕೂ ಇದೇ ಮಾತು. 1987ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಹೊರಟಿದ್ದ ಜೋ ಬೈಡನ್, ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ನೀಲ್ ಕಿನಕ್ ಅವರ ಭಾಷಣದ ಮಾತುಗಳನ್ನು ತಮ್ಮದೆಂಬಂತೆ ಬಳಸಿದರು. ವಿವಾದ ಬೆಳೆದು ಸೆಪ್ಟೆಂಬರ್‌ನಲ್ಲಿ ಕಣದಿಂದ ಹಿಂದೆ ಸರಿದರು. ಗಮನಿಸಬೇಕಾದ ಸಂಗತಿ ಎಂದರೆ, ಅದಕ್ಕೂ ಮೊದಲು ಬೇರೆ ಸಭೆಗಳಲ್ಲಿ ಅವರು ಕಿನಕ್ ಹೆಸರು ಹೇಳಿಯೇ ಆ ಮಾತು ಆಡಿದ್ದರು. ಆಗ ಯಾರೂ ತಪ್ಪು ಹುಡುಕಿರಲಿಲ್ಲ. ‘ಇದನ್ನು ಹೇಳಿದವರು ಇಂಥವರು’ ಎಂಬ ಒಂದೇ ವಾಕ್ಯದ ವ್ಯತ್ಯಾಸ. ನಮ್ಮ ಚರ್ಚಾ ಸ್ಪರ್ಧೆಗಳಲ್ಲಿ ಯೂಟ್ಯೂಬ್ ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸುವವರು ಇದನ್ನು ನೆನಪಿಡಬೇಕು. ಹೆಸರು ಹೇಳಿದರೆ ಮಾತಿನ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಲೇಬೇಕು. ನಾನು ಕಂಡಂತೆ, ನಕಲು ಮಾಡುವವರೆಲ್ಲ ಸೋಮಾರಿಗಳಲ್ಲ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ಅಸೈನ್‌ಮೆಂಟ್ ಎದುರಿಸುವವರು ಹೆದರಿ ನಕಲು ಮಾಡುತ್ತಾರೆ. ವಿಷಯ ಗೊತ್ತಿರುತ್ತದೆ, ವಾಕ್ಯ ಕಟ್ಟಲು ಧೈರ್ಯವಿರುವುದಿಲ್ಲ. ಸ್ವಂತ ವಾಕ್ಯ ಬರೆದವರಿಗೆ ವ್ಯಾಕರಣ ದೋಷಕ್ಕೆ ಅಂಕ ಕಳೆದು, ಅಂತರ್ಜಾಲದಿಂದ ಇಳಿಸಿಕೊಂಡ ಅಂದದ ಪುಟಕ್ಕೆ ಪೂರ್ತಿ ಅಂಕ ಕೊಟ್ಟರೆ ನಾವು ಕಲಿಯುವ ಪಾಠ ಯಾವುದು?

ಆದ್ದರಿಂದ ನನ್ನ ಸಲಹೆ ಸರಳ. ಪ್ರತಿ ಅಸೈನ್‌ಮೆಂಟ್ ಜೊತೆಗೆ ಐದು ನಿಮಿಷದ ಮಾತು ಕಡ್ಡಾಯವಾಗಲಿ. ಕಾಗದ ನೋಡದೆ, ಬೇಕಿದ್ದರೆ ಕನ್ನಡದಲ್ಲೇ, ತಾನು ಬರೆದದ್ದನ್ನು ವಿದ್ಯಾರ್ಥಿ ವಿವರಿಸಲಿ, ಸಹಪಾಠಿಗಳು ಎರಡು ಪ್ರಶ್ನೆ ಕೇಳಲಿ. ದೊಡ್ಡ ತರಗತಿಯಲ್ಲಿ ಎಲ್ಲರಿಗೂ ಸಮಯ ಸಿಗದಿದ್ದರೆ ಚೀಟಿ ಎತ್ತಿ ಹತ್ತು ಜನರನ್ನು ಕರೆಯಲಿ. ಬರೆದವರು ತಡವರಿಸಿದರೂ ಉತ್ತರ ಕೊಡುತ್ತಾರೆ, ನಕಲು ಮಾಡಿದವರು ಮೊದಲ ಪ್ರಶ್ನೆಗೇ ನಿಲ್ಲುತ್ತಾರೆ. ಇದಕ್ಕೆ ತಂತ್ರಾಂಶವೂ ಬೇಡ, ಹಣವೂ ಬೇಡ. ಸಭಾಕಂಪನವೂ ತಾನಾಗಿ ಕಡಿಮೆಯಾಗುತ್ತದೆ.

ಕಾಲೇಜು ಇದನ್ನು ಮಾಡುವವರೆಗೆ ನಾವು ಕಾಯಬೇಕಿಲ್ಲ. ಬರೆಯುವ ಮೊದಲು ವಿಷಯವನ್ನು ಗೆಳೆಯರ ಮುಂದೆ ಐದು ನಿಮಿಷ ಹೇಳಿ ನೋಡೋಣ. ಹೇಳಿದ್ದನ್ನೇ ಬರೆಯೋಣ. ಎರವಲು ತಂದ ಮಾತಿಗೆ ತಂದವರ ಹೆಸರು ಹಾಕೋಣ. ಚಾಟ್‌ಜಿಪಿಟಿಯನ್ನು ಅರ್ಥವಾಗದ್ದನ್ನು ಕೇಳಲು ಬಳಸೋಣ, ನಮ್ಮ ಬದಲು ಬರೆಯಲು ಬೇಡ. ಪುಟ ಅರ್ಧಕ್ಕೆ ಇಳಿಯಬಹುದು, ಭಾಷೆ ಒರಟಾಗಬಹುದು. ಆದರೆ ಸಂದರ್ಶನದ ಕೊಠಡಿಯಲ್ಲಿ ‘ಇದು ನಿಮ್ಮ ಅಭಿಪ್ರಾಯವೇ?’ ಎಂದು ಕೇಳಿದಾಗ ‘ಹೌದು’ ಎನ್ನಲು ಆ ಅರ್ಧ ಪುಟ ಸಾಕು.